ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ನಿಂತ ಹಾಡು

"ಅದು ನೆಟ್ ಪ್ರಾಬ್ಲೆಮ್ಮು." ಚಂದನಾ ಎರಡು ವರ್ಷದಿಂದ ಹೇಳಿಕೊಂಡು ಬಂದ ಮಾತು ಇದೊಂದೇ. ದಿನಕ್ಕೆ ಹತ್ತು ಸಲ ಹೇಳಿದರೆ ಸುಳ್ಳೂ ಬಾಯಿಪಾಠವಾಗುತ್ತದೆ ಅನ್ನುತ್ತಾರಲ್ಲ, ಇವಳಿಗೆ ಅದು ಸುಳ್ಳೆಂದೂ ಗೊತ್ತಿರಲಿಲ್ಲ. ಕುಮಟೆಯಲ್ಲಿ ಒಂದು ಜಾನಪದ ಸಂಸ್ಥೆ. ಆ ಸಂಸ್ಥೆಯವರು 'ಹಾಡುಬುಟ್ಟಿ' ಎಂಬ ಮೊಬೈಲ್ ಆಪ್ ಮಾಡಿಸಿದ್ದರು. ಅದರೊಳಗೆ ಕರಾವಳಿಯ ಮುದುಕಿಯರು ಹಾಡಿದ ನೂರಾ ಎಂಟು ಹಾಡುಗಳ ವೀಡಿಯೊ. ವೀಡಿಯೊ ಬರದಿದ್ದರೆ ಜನ ಆಫೀಸಿಗೆ ಫೋನು ಮಾಡಬೇಕು, ಚಂದನಾ ಉತ್ತರ ಹೇಳಬೇಕು. ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಫೋನನ್ನು ಆಫ್ ಮಾಡಿ ಆನ್ ಮಾಡಿ. ಕ್ಯಾಶೆ ಅಳಿಸಿ. ಆಪ್ ತೆಗೆದು ಮತ್ತೆ ಹಾಕಿಕೊಳ್ಳಿ. ಯಾವುದೂ ಆಗದಿದ್ದರೆ, ನೆಟ್ ಪ್ರಾಬ್ಲೆಮ್ಮು.

ಬೇರೆಯವರೆಲ್ಲ ಒಂದು ಸಲ ಕೇಳಿ ಸುಮ್ಮನಾಗುತ್ತಿದ್ದರು. ಸುಮ್ಮನಾಗದವನು ಒಬ್ಬನೇ, ಭಟ್ಕಳ ಕಡೆಯ ಕಾಯ್ಕಿಣಿಯ ಮಾಬ್ಲ ಎಂಬ ಮುದುಕ. ತಿಂಗಳಿಗೊಮ್ಮೆಯಾದರೂ ಅವನ ಫೋನು ಬರಲೇಬೇಕು. ಅವನಿಗೆ ನೂರಾ ಎಂಟು ಹಾಡು ಬೇಡ, ಬೇಕಾದದ್ದು ಒಂದೇ: ಹಿರೇಗುತ್ತಿಯ ನಾಗಿ ಹಾಡಿದ 'ಹೊಸ್ತಿಲ ಹಾಡು'. ಅದೂ ಅದರ ಕೊನೆ.

"ತಂಗಿ, ಅರ್ಧದ ಮೇಲೆ ಚಕ್ರ ತಿರುಗೂಕೆ ಸುರು ಆತದೆ. ತಿರುಗಿ ತಿರುಗಿ ಮತ್ತೆ ಮೊದ್ಲಿಗೆ ಹೋತದೆ. ಕೊನೆ ಬತ್ತೇ ಇಲ್ಲ."

"ನೆಟ್ ಪ್ರಾಬ್ಲೆಮ್ಮು ಅಜ್ಜ. ಸಿಗ್ನಲ್ ಇದ್ದಲ್ಲಿ ಹೋಗಿ ನೋಡಿ."

ಪುಣ್ಯಾತ್ಮ ಬಸ್ಸು ಹತ್ತಿ ಭಟ್ಕಳದ ಪೇಟೆಗೆ ಹೋಗಿ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ನೋಡಿ ಬಂದ. ಅಲ್ಲಿಯೂ ಚಕ್ರವೇ. ಇನ್ನೊಂದು ಸಲ ಫೋನು ಮಾಡಿದವನು ಒಂದು ವಿಚಿತ್ರ ಹೇಳಿದ.

"ಅಲ್ಲ ತಂಗಿ, ನಾ ಗುಂಡಿ ಒತ್ತಿ ನಿಲ್ಸಿದ್ರೆ ಆ ಚಕ್ರನೂ ನಿಂತ್ಕಂತದೆ. ಮತ್ತೆ ಒತ್ತಿದ್ರೆ ತಿರುಗ್ತದೆ. ಇದೆಂತ ಚಕ್ರ?"

ಚಂದನಾ ಫೋನಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಗಂಭೀರವಾಗಿ, "ನಿಮ್ಮ ಫೋನು ಹಳೇದಾತು ಅಜ್ಜ. ಹೊಸದು ತಕಳಿ, ಸರಿಯಾತದೆ" ಅಂದಳು. ಆ ಉತ್ತರವೂ ಗೋಡೆಯ ಹಾಳೆಯಲ್ಲಿತ್ತು, ಏಳನೆಯದು.

ಈಗ ಕೇಳಿ ತಮಾಷೆ. ಆ ಹಿರೇಗುತ್ತಿಯ ನಾಗಿ ಬೇರೆ ಯಾರೂ ಅಲ್ಲ, ಚಂದನಾಳ ಸ್ವಂತ ಅಜ್ಜಿ, ಅಪ್ಪನ ತಾಯಿ. ಅಜ್ಜಿಯ ಹಾಡಿನ ದೆಸೆಯಿಂದಲೇ ಇವಳಿಗೆ ಈ ಕೆಲಸ ಸಿಕ್ಕಿದ್ದು. ಹಾಗಿದ್ದೂ ಈ ಮಹಾರಾಯ್ತಿ ಆ ವೀಡಿಯೊವನ್ನು ಒಂದು ಸಲವೂ ಕೊನೆಯವರೆಗೆ ನೋಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ. ಎರಡು ನಿಮಿಷ ನೋಡುವುದು, ಅಜ್ಜಿಯ ಮುಖ ಚಂದ ಬಂದಿದೆ ಅನ್ನುವುದು, ಮುಚ್ಚುವುದು.

ಹೊಸ್ತಿಲ ಹಾಡು ಎಂದರೆ ಅವರ ಕೊಪ್ಪದ ಹಾಡು. ಗದ್ದೆಬಯಲಿನ ಅಂಚಿಗೆ ಒಂಬತ್ತು ಮನೆಗಳ ಕೊಪ್ಪ. ಅಲ್ಲಿ ಹುಟ್ಟಿದ ಹೆಣ್ಣು ಮದುವೆಯಾಗಿ ಗಂಡನ ಮನೆಗೆ ಹೊರಡುವಾಗ ತಾಯಿಮನೆಯ ಹೊಸ್ತಿಲ ಒಳಗೆ ನಿಲ್ಲಬೇಕು. ಹಾಡು ಶುರುವಾಗುತ್ತದೆ. ಹಾಡು ಮುಗಿಯುವವರೆಗೆ ಅವಳು ಕಾಲು ಎತ್ತುವಂತಿಲ್ಲ. ಅವಳು ನಿಂತಿರುವಾಗ ಶುರು ಮಾಡಿದ ಹಾಡನ್ನು ನಡುವೆ ಬಿಡುವಂತೆಯೂ ಇಲ್ಲ. ಮೊದಲೆಲ್ಲ ಸಾಕಿದ ಕಥೆ, ಸಲಹಿದ ಕಥೆ. ಕೊನೆಯಲ್ಲಿ 'ಬಾಗಿಲು ಬಿಡಿಸುವ ನುಡಿ' ಎಂದು ಬರುತ್ತದೆ. ಅದರಲ್ಲಿ ಆ ಕೊಪ್ಪದಿಂದ ಹೊಸ್ತಿಲು ದಾಟಿ ಹೋದ ಹೆಣ್ಣುಗಳ ಹೆಸರನ್ನೆಲ್ಲ, ಯಾವ ಕಾಲದಿಂದಲೋ, ಒಬ್ಬೊಬ್ಬಳಾಗಿ ಕರೆದು, ಕಟ್ಟಕಡೆಗೆ ಈಗ ನಿಂತವಳ ಹೆಸರನ್ನು ಸೇರಿಸುತ್ತಾರೆ. ಸೇರಿಸಿದ ಮೇಲೆ ಅವಳು ಬಲಗಾಲು ಹೊರಗಿಡುವುದು. ಬಸದಿ, ಗುಡಿ, ಕಲ್ಲುಶಾಸನ ಎಲ್ಲೂ ಬರೆಯದ ಹೆಸರುಗಳು ಅವು. ಅಷ್ಟೂ ಹೆಸರು ಇದ್ದದ್ದು ನಾಗಿಯೊಬ್ಬಳ ಬಾಯಲ್ಲೇ.

ಅಜ್ಜಿ ಕರೆಯದೆ ಬಿಟ್ಟಿರಲಿಲ್ಲ. ಸಂಜೆ ಬಸಳೆ ಚಪ್ಪರಕ್ಕೆ ನೀರು ಹೊಯ್ದು ಬಂದು ಜಗುಲಿಯಲ್ಲಿ ಕೂತು, "ಬಾ ಮಗಾ, ಕೊನೆ ನುಡಿ ಹೇಳ್ಕೊಡ್ತೆ. ದಿನಕ್ಕೆ ಎರಡು ಹೆಸರು ಕಲ್ತ್ರೆ ಸಾಕು" ಅನ್ನುತ್ತಿದ್ದಳು.

ಚಂದನಾ ಮೊಬೈಲಿನಿಂದ ತಲೆ ಎತ್ತದೆ ಹೇಳುತ್ತಿದ್ದಳು: "ಆಪಲ್ಲಿ ಅದೆಯಲ್ಲ ಅಜ್ಜಿ. ಎಲ್ಲಿಗೆ ಹೋತದೆ ಅದು?"

"ಆಪಲ್ಲಿ ಅದೆ ಹೇಳಿ ನಿನ್ನ ಬಾಯಲ್ಲಿ ಬತ್ತದ?" ಎಂದು ಮುದುಕಿ ಗೊಣಗುತ್ತಿದ್ದಳು. ಇನ್ನೂ ಏನೋ ಹೇಳುತ್ತಿದ್ದಳು, ಕ್ಯಾಮೆರಾದವರ ವಿಷಯ, ಮದುವೆ ಹುಡುಗಿ ನಿಂತಾಗ ಎಂದೇನೋ. ಚಂದನಾ ಅದಕ್ಕೆಲ್ಲ ಹ್ಞೂಂಗುಟ್ಟುತ್ತಿದ್ದಳು. ಕಿವಿಯಲ್ಲಿ ವಯರು ಇತ್ತು.

ಕಳೆದ ಆಷಾಢದಲ್ಲಿ ನಾಗಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋಯಿತು. ಮಾತು ಪೂರ್ತಿ ಹೋಯಿತು. ಕಣ್ಣು ಮತ್ತು ಎಡಗೈ ಉಳಿದವು. ಎಲ್ಲ ತಿಳಿಯುತ್ತಿತ್ತು, ಒಂದಕ್ಷರ ಹೊರಗೆ ಬರುತ್ತಿರಲಿಲ್ಲ.

ವೈಶಾಖದಲ್ಲಿ ಚಂದನಾಳ ಅಕ್ಕ ಅಂಕಿತಾಳ ಮದುವೆ ಗೊತ್ತಾಯಿತು. ಹುಡುಗ ಗೇರುಸೊಪ್ಪದವನು. ಹಾಡಿನ ಮಾತು ಬಂದಾಗ ಕೊಪ್ಪದ ಹೆಂಗಸರು ಮುಖಮುಖ ನೋಡಿಕೊಂಡರು. ಚಂದನಾ ಎದೆ ಸೆಟೆದು, "ಎಂತಕೆ ಚಿಂತೆ? ಅಜ್ಜಿ ಹಾಡಿದ್ದು ಪೂರ್ತಿ ನಮ್ಮ ಆಪಲ್ಲಿ ಅದೆ. ಹತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡು ಹೇಳಿ ಪಟ್ಟಿಲೇ ಬರ್ದದೆ. ದೊಡ್ಡ ಸ್ಪೀಕರಿಗೆ ಹಾಕುವ" ಎಂದಳು. ತಾಯಿ ಸಣ್ಣಿ ಮಗಳನ್ನು ನೋಡಿ ಹೆಮ್ಮೆಪಟ್ಟಳು. ಅಂಕಿತಾ ಅಂತೂ ತಂಗಿಯ ಕೈ ಹಿಡಿದು, "ನನ್ನ ಹೆಸ್ರು ಸೇರ್ಸುಕೆ ಮಾತ್ರ ಯಾರಾದ್ರೂ ಬಾಯಲ್ಲೇ ಹೇಳಿ, ಆತಾ?" ಅಂದಳು.

ಮದುವೆ ಭಾನುವಾರ. ಗುರುವಾರ ಆಫೀಸಿನಲ್ಲಿ ಕೂತು ಚಂದನಾ ಮೊದಲ ಬಾರಿಗೆ ಆ ವೀಡಿಯೊವನ್ನು ಕೊನೆಯವರೆಗೆ ನೋಡಲು ಹೊರಟಳು. ಅಜ್ಜಿ ಹಾಡುತ್ತಿದ್ದಳು:

ಹೊಸ್ತಿಲಲಿ ನಿಂತೋಳೆ ಹೊತ್ತೇನು ನೋಡೀಯೆ
ಹೆತ್ತೋಳ ಸೆರಗ ಬಿಡು ಮಗಳೆ...

ಅಲ್ಲಿಗೆ ಚಿತ್ರ ಕಪ್ಪಾಗಿ ನಡುವೆ ಬಿಳಿ ಚಕ್ರ ತಿರುಗತೊಡಗಿತು.

ಗೋಡೆಯ ಹಾಳೆ ಎದುರಿಗೇ ಇತ್ತು. ಆಫ್ ಮಾಡಿದಳು, ಆನ್ ಮಾಡಿದಳು. ಕ್ಯಾಶೆ ಅಳಿಸಿದಳು. ಆಪ್ ತೆಗೆದು ಮತ್ತೆ ಹಾಕಿಕೊಂಡಳು. ಸಿಮ್ಮಿನ ನೆಟ್ ಬಿಟ್ಟು ಆಫೀಸಿನ ವೈಫೈ ಹಿಡಿದಳು. ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದಳು, ಬ್ಯಾಟರಿ ಉಳಿತಾಯ ತೆಗೆದಳು. ಪಕ್ಕದ ಟೇಬಲ್ಲಿನವರ ಹೊಸ ಫೋನು ಇಸಕೊಂಡು ಅದರಲ್ಲೂ ನೋಡಿದಳು. ಹಾಕಿ ನೋಡಿದ ಬೇರೆ ನಾಲ್ಕೈದು ಹಾಡುಗಳು ಬೆಣ್ಣೆಯ ಹಾಗೆ ಓಡುತ್ತಿದ್ದವು, ಇದೊಂದು ಅಲ್ಲಿಗೇ ನಿಲ್ಲುತ್ತಿತ್ತು. ಆ ಪ್ಲೇಯರಿನಲ್ಲಿ ಎಷ್ಟು ನಿಮಿಷ ಆಯಿತೆಂದು ತೋರಿಸುವ ಗೆರೆಯೇ ಇರಲಿಲ್ಲ. ಹಳ್ಳಿಯವರಿಗೆ ಗೊಂದಲವಾಗುತ್ತದೆ ಎಂದು ಒಂದೇ ಒಂದು ದೊಡ್ಡ ಗುಂಡಿ ಇಟ್ಟಿದ್ದರು. ಒತ್ತಿದರೆ ಓಡಬೇಕು, ಮತ್ತೆ ಒತ್ತಿದರೆ ನಿಲ್ಲಬೇಕು. ಅವಳು ಗಡಿಯಾರ ಹಿಡಿದು ಅಳೆದಳು. ಪ್ರತಿ ಸಲವೂ ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ಚಕ್ರ.

ನೆಟ್ ಕೈಕೊಟ್ಟರೆ ದಿನಕ್ಕೊಂದು ಜಾಗದಲ್ಲಿ ಕೊಡಬೇಕು. ಗಂಟೆ ಹೊಡೆದ ಹಾಗೆ ಒಂದೇ ಜಾಗದಲ್ಲಿ ಹೇಗೆ ಕೊಡುತ್ತದೆ? ಶುಕ್ರವಾರ ಮಧ್ಯಾಹ್ನ ಡಬ್ಬಿ ಬಿಚ್ಚದೆ ಕೂತಿದ್ದಾಗ ಅವಳಿಗೆ ಕಾಯ್ಕಿಣಿಯ ಮುದುಕ ನೆನಪಾದ. ಚಕ್ರ ತಿರುಗುತ್ತಿತ್ತು. ಅವಳು ಗುಂಡಿ ಒತ್ತಿದಳು. ಚಕ್ರ ನಿಂತಿತು. ಮತ್ತೆ ಒತ್ತಿದಳು, ತಿರುಗಿತು. ಪ್ಲೇಯರಿನ ಚಕ್ರವಾಗಿದ್ದರೆ ವೀಡಿಯೊ ನಿಲ್ಲಿಸಿದ ಕೂಡಲೇ ಅದು ತೆರೆಯಿಂದಲೇ ಹೋಗಬೇಕಿತ್ತು. ಇದು ಹೋಗಲಿಲ್ಲ, ಫೋಟೋದ ಹಾಗೆ ನಿಂತಲ್ಲೇ ನಿಂತಿತ್ತು. ಅಯ್ಯೋ ದೇವರೇ! ಇದು ಪ್ಲೇಯರಿನ ಚಕ್ರವೇ ಅಲ್ಲ. ವೀಡಿಯೊದ ಒಳಗೇ ಇರುವ ಚಕ್ರ. ಯಾರೋ ಕೂತು ಮಾಡಿ ಅಂಟಿಸಿದ್ದು.

ಶನಿವಾರ ಬೆಳಿಗ್ಗೆ ಹೊನ್ನಾವರದ ಬಸ್ಸು ಹತ್ತಿದಳು. ಆಪ್ ಮಾಡಿದ ವಿನೋದ ಅಲ್ಲಿನ ಬಜಾರಿನಲ್ಲಿ ಒಂದು ಕೋಣೆ ಹಿಡಿದು, ಮದುವೆ ವೀಡಿಯೊ, ಅಂಗಡಿಗಳ ವೆಬ್‌ಸೈಟು ಎಂದೆಲ್ಲ ಮಾಡಿಕೊಂಡಿದ್ದ. ಅವಳು ಮೊಬೈಲನ್ನು ಅವನ ಮುಂದೆ ಹಿಡಿದು ಗುಂಡಿ ಒತ್ತಿ ಚಕ್ರ ನಿಲ್ಲಿಸಿ ತೋರಿಸಿದಳು. ವಿನೋದನ ಮುಖ ಸಪ್ಪಗಾಯಿತು.

"ಬಯ್ಯಬೇಡ ಮಾರಾಯ್ತಿ. ರಮಾನಂದ ಸರ್ ಹೇಳಿದ್ದು ಮಾಡಿದೆ" ಅಂದ. ರಮಾನಂದ ಎಂದರೆ ಸಂಸ್ಥೆಯ ಮುಖ್ಯಸ್ಥರು. "ನೂರಾ ಎಂಟು ಪೂರ್ತಿ ಹಾಡು ತೋರಿಸ್ತೇವೆ ಅಂತ ಮೇಲಿನವರಿಗೆ ಬರೆದುಕೊಟ್ಟಾಗಿತ್ತು. ಒಂಬತ್ತು ಹಾಡು ಅರ್ಧಂಬರ್ಧ ಇತ್ತು. ಉದ್ದ ಸರಿ ಮಾಡು ಅಂದ್ರು. ಬರೀ ಕಪ್ಪು ಹಾಕಿದ್ರೆ ಗೊತ್ತಾಗ್ತದೆ. ಚಕ್ರ ಹಾಕಿದ್ರೆ ಜನ ನೆಟ್ಟಿಗೆ ಬಯ್ತಾರೆ, ನಮಗೆ ಬಯ್ಯೂದಿಲ್ಲ."

"ಅಜ್ಜಿ ಹಾಡಿದ ಉಳಿದ ಭಾಗ ಎಲ್ಲಿ?"

ವಿನೋದ ಹಳೆಯ ಹಾರ್ಡ್‌ಡಿಸ್ಕ್ ಚುಚ್ಚಿ ಮೂಲ ವೀಡಿಯೊ ತೆರೆದ. ಅಜ್ಜಿ ಹಾಡುತ್ತಿದ್ದಳು. ಹೆತ್ತೋಳ ಸೆರಗ ಬಿಡು ಮಗಳೆ ಎಂದು ಮುಗಿಸಿದವಳು ಚೊಂಬು ಎತ್ತಿ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಕ್ಯಾಮೆರಾದ ಕಡೆ ಕೈ ಆಡಿಸಿದಳು.

"ಇನ್ನು ಹಾಡೂಕಾಗ. ಮದ್ವಿ ಕೂಸು ಎಲ್ಲದೆ? ಅವ್ಳು ಹೊಸ್ತಿಲಲ್ಲಿ ನಿಂತ್ರೆ ಮಾತ್ರ ಹೆಸ್ರು ಕರೂದು. ಸುಮ್ನೆ ಕರೂಕೆ ಅವೆಂತ ಬಿಟ್ಟಿ ಬಿದ್ದ ಹೆಸ್ರನಾ? ನಮ್ಮ ಅಂಕಿತನ ಮದ್ವಿಗೆ ಬನ್ನಿ, ಪೂರ್ತಿ ಹಾಡ್ತೆ. ನಾ ಇಲ್ದಿದ್ರೂ ಅಡ್ಡಿಲ್ಲ. ಸಣ್ಣ ಮೊಮ್ಮಗಳು ಚಂದನ ಅದೆ, ಅವ್ಳಿಗೆ ಕಲ್ಸಿಡ್ತೆ. ಅವ್ಳು ಹೇಳ್ತದೆ."

ವೀಡಿಯೊ ಮುಗಿಯಿತು. ಚಂದನಾ ಅಲ್ಲೇ ಕೂತು ಗಟ್ಟಿಯಾಗಿ ಅತ್ತಳು. ವಿನೋದ ಏನು ಮಾಡುವುದೆಂದು ತಿಳಿಯದೆ ಚಾ ತರಿಸಿದ. ಅವಳು ಕುಡಿಯಲಿಲ್ಲ. ಅಲ್ಲಿಂದಲೇ ರಮಾನಂದರಿಗೆ ಫೋನು ಮಾಡಿದಳು. ಅವರು ಸಮಾಧಾನದಲ್ಲಿ, ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದರು: "ನೋಡಮ್ಮ, ಹನ್ನೊಂದು ನಿಮಿಷದ ಮೇಲೆ ಯಾರು ಕೇಳ್ತಾರೆ? ಎರಡು ವರ್ಷದಲ್ಲಿ ಆ ಕಾಯ್ಕಿಣಿಯವ ಒಬ್ಬ ಬಿಟ್ಟರೆ ಯಾರಾದರೂ ಆ ಕೊನೆ ಕೇಳಿದ್ದಾರಾ? ನೀನೇ ಕೇಳಿರಲಿಲ್ಲವಲ್ಲ."

ಕಳ್ಳನ ಬಾಯಲ್ಲಿ ಬಂದರೂ ನಿಜ ನಿಜವೇ. ಅವಳಿಗೆ ಅವರ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಹೇಸಿಗೆ ದೊಡ್ಡದಿತ್ತು.

ಮನೆಗೆ ಬಂದಾಗ ಅಂಗಳದಲ್ಲಿ ಚಪ್ಪರ ಏರಿತ್ತು. ಒಳಗೆ ನಾಲ್ಕು ಹೆಂಗಸರು ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಹೇಳಿಯೇಬಿಡಬೇಕೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದಳು. ಸಣ್ಣಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಕೇಳಿದಳು.

"ಹಾಡು ಫೋನಿಗೆ ಇಳ್ಸಿಕಂಡ್ಯನೆ? ನಾಳೆ ಇಲ್ಲಿ ನೆಟ್ ಸಿಕ್ಕೂದಿಲ್ಲ."

"ಆತು ಅವ್ವಿ" ಅಂದಳು ಚಂದನಾ.

ಯಾಕೆ ಹಾಗೆ ಹೇಳಿದಳೋ! ಎರಡು ವರ್ಷ ಊರವರಿಗೆಲ್ಲ ಸುಳ್ಳು ಹೇಳಿದ ಬಾಯಿ, ತಾಯಿಗೂ ಹೇಳಿತು. ಆಮೇಲೆ ಅಜ್ಜಿಯ ಮಂಚದ ಪಕ್ಕ ಕೂತು, ಕಿವಿಗೆ ಬಾಯಿ ಇಟ್ಟು, "ಅಜ್ಜಿ, ಒಂದೇ ಒಂದು ಹೆಸ್ರು ಹೇಳು" ಎಂದು ಬೇಡಿದಳು. ನಾಗಿಯ ಬಾಯಿ ಸೊಟ್ಟಗೆ ತೆರೆದು ಮುಚ್ಚಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ.

ಭಾನುವಾರ ಧಾರೆಯಾಯಿತು, ಊಟವಾಯಿತು. ಮೂರು ಗಂಟೆಗೆ ಗೇರುಸೊಪ್ಪದವರು ಹೊರಡಲು ಅವಸರ ಮಾಡತೊಡಗಿದರು. ಅಂಕಿತಾಳನ್ನು ಹೊಸ್ತಿಲ ಒಳಗೆ ನಿಲ್ಲಿಸಿದರು. ನಾಗಿಯನ್ನು ಎತ್ತಿ ತಂದು ಜಗುಲಿಯ ಕುರ್ಚಿಯಲ್ಲಿ ಕೂರಿಸಿದರು. ಚಂದನಾ ಮೊಬೈಲನ್ನು ಸ್ಪೀಕರಿಗೆ ಹೊಂದಿಸಿ ಗುಂಡಿ ಒತ್ತಿದಳು. ಅಜ್ಜಿಯ ಹಳೆಯ ದನಿ ಅಂಗಳ ತುಂಬಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾಗಿ ಎಡಗೈಯಿಂದ ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದಳು.

ಹೆತ್ತೋಳ ಸೆರಗ ಬಿಡು ಮಗಳೆ. ಚಕ್ರ.

"ತಡೀರೆ, ನೆಟ್ ಬತ್ತದೆ" ಅಂದಳು ಪಕ್ಕದ ಮನೆಯ ಲಕ್ಕಿ. ಇನ್ನೊಬ್ಬಳು, ಮೊಬೈಲನ್ನು ಮೇಲೆ ಹಿಡಿ, ಬಾವಿಕಟ್ಟೆ ಹತ್ರ ಒಂಚೂರು ಸಿಗ್ನಲ್ ಅದೆ ಅಂದಳು. ಗಂಡಿನ ಕಡೆಯವನೊಬ್ಬ ತನ್ನ ಫೋನಿನ ನೆಟ್ ಕೊಡಲು ಮುಂದೆ ಬಂದ. ಎಲ್ಲರೂ ಆ ಬಿಳಿ ಚಕ್ರವನ್ನೇ ನೋಡುತ್ತ ನಿಂತರು. ಅಂಕಿತಾ ಕಾಲು ಎತ್ತದೆ, ಹಣೆಯ ಬಾಸಿಂಗದ ಕೆಳಗೆ ಬೆವರುತ್ತ ತಂಗಿಯನ್ನೇ ನೋಡುತ್ತಿದ್ದಳು. ಐದು ನಿಮಿಷ ಕಳೆಯಿತು.

ಚಂದನಾಗೆ ಇನ್ನು ತಡೆಯಲಾಗಲಿಲ್ಲ. ಮುಂದೆ ಬಂದು ಗುಂಡಿ ಒತ್ತಿದಳು. ಚಕ್ರ ನಿಂತಿತು.

"ನೆಟ್ಟಲ್ಲ" ಅಂದಳು. "ಇಲ್ಲಿಗೇ ಮುಗ್ದದೆ. ಅಜ್ಜಿ ಕೊನೆ ಹಾಡಲೇ ಇಲ್ಲ. ಮದ್ವಿ ಕೂಸು ಇಲ್ದೆ ಹಾಡೂದಿಲ್ಲ ಅಂದಿತ್ತು. ನಂಗೆ ಕಲ್ಸುಕೆ ಕರೀತಿತ್ತು, ನಾ ಹೋಗಲಿಲ್ಲ. ನಂಗೆ ನಿನ್ನೆನೇ ಗೊತ್ತಿತ್ತು, ಅವ್ವಿ."

ಸಣ್ಣಿ ಮಗಳ ಕೆನ್ನೆಗೆ ಹೊಡೆದಳು. ಅಷ್ಟು ಜನರ ಎದುರಿಗೆ. ಯಾರೂ ಬೇಡ ಅನ್ನಲಿಲ್ಲ. ಆಮೇಲೆ ಸಣ್ಣಿಯೇ ಅಳುತ್ತ, "ಹೇಳ್ರೆ, ನಿಮ್ಗೆ ನೆನ್ಪಾದಷ್ಟು ಹೇಳ್ರೆ" ಅಂದಳು. ಲಕ್ಕಿ ತನ್ನ ಮಗಳ ಹೆಸರು ಹೇಳಿದಳು. ಮತ್ತೊಬ್ಬಳು ತನ್ನ ನಾದಿನಿಯ ಹೆಸರು ಹೇಳಿದಳು. ಏಳು ಹೆಸರಾದವು. ಎಲ್ಲ ಮೊನ್ನೆ ಮೊನ್ನೆ ಹೋದವರದ್ದು. ಹೇಳುತ್ತಿದ್ದವರೂ ಆ ಕೊಪ್ಪಕ್ಕೆ ಹೊರಗಿನಿಂದ ಸೊಸೆಯಾಗಿ ಬಂದವರೇ. ಅದಕ್ಕೆ ಹಿಂದೆ ಅವರಿಗೆ ದಾರಿ ತಿಳಿಯಲಿಲ್ಲ.

ಆಗ ಕುರ್ಚಿಯ ಕಡೆಯಿಂದ ಟಪ್ ಎಂದು ಸದ್ದಾಯಿತು. ನಾಗಿಯ ಎಡಗೈ. ಅವಳು ಕಣ್ಣು ಮುಚ್ಚಿ ತೊಡೆಯ ಮೇಲೆ ಒಂದೊಂದೇ ಪೆಟ್ಟು ಹಾಕುತ್ತಿದ್ದಳು. ಒಂದು ಪೆಟ್ಟು, ತುಟಿ ಅಲುಗುವಷ್ಟು ಬಿಡುವು, ಮತ್ತೊಂದು ಪೆಟ್ಟು. ಹೆಂಗಸರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮುದುಕಿ ಬಾಗಿಲು ಬಿಡಿಸುವ ನುಡಿ ಹೇಳುತ್ತಿದ್ದಳು, ಒಳಗೇ, ಹೆಸರಿಗೊಂದು ಪೆಟ್ಟು. ಚಂದನಾ ಎಣಿಸಿದಳು. ಎಣಿಸುವುದು ಬಿಟ್ಟು ಅವಳ ಕೈಯಲ್ಲಿ ಇನ್ನೇನೂ ಇರಲಿಲ್ಲ. ನಲವತ್ತಮೂರು ಪೆಟ್ಟಾದ ಮೇಲೆ ನಾಗಿ ಕಣ್ಣು ತೆರೆದು ಅಂಕಿತಾಳನ್ನು ನೋಡಿ ಇನ್ನೊಂದು ಹಾಕಿದಳು. ಆಮೇಲೆ ಕೈ ಸುಮ್ಮನಾಯಿತು.

ಅಂಕಿತಾ ಬಲಗಾಲು ಹೊರಗಿಟ್ಟಳು. ಕಾರು ಹತ್ತುವ ಮೊದಲು ತಂಗಿಯ ಬಳಿ ನಿಂತು, ಯಾರಿಗೂ ಕೇಳದ ಹಾಗೆ, "ನಾಳೆ ನೀ ಹೋಗುವಾಗ ನಿನ್ನ ಹೆಸ್ರು ಎಲ್ಲಿ ಸೇರ್ಸೂದೆ?" ಎಂದು ಕೇಳಿದಳು. ಬಯ್ದಿದ್ದರೆ ಚಂದನಾ ತಡೆದುಕೊಳ್ಳುತ್ತಿದ್ದಳು.

ಸೋಮವಾರ ಕೆಲಸಕ್ಕೆ ಹೋದಳು. ಹೋಗದೆ ಎಂತ ಮಾಡುವುದು? ಅಪ್ಪ ಇಲ್ಲದ ಮನೆ, ಅಜ್ಜಿಯ ಔಷಧಿ. ರಮಾನಂದರು ಎಂದಿನಂತೆ ಹೊಟ್ಟೆ ಮೇಲೆ ಕೈಯಾಡಿಸುತ್ತ, ಮದುವೆ ಚಂದ ಆಯ್ತಾ ಎಂದು ಕೇಳಿ ಒಳಗೆ ಹೋದರು. ಚಂದನಾ ಗೋಡೆಯ ಹಾಳೆಯನ್ನು ಕಿತ್ತು ಮುದ್ದೆ ಮಾಡಿ ಬುಟ್ಟಿಗೆ ಹಾಕಿದಳು. ಅಷ್ಟರಲ್ಲಿ ಫೋನು ಬಂತು.

"ತಂಗಿ, ನಾನು ಕಾಯ್ಕಿಣಿ ಮಾಬ್ಲ. ನೀ ಹೇಳಿದ ಹಾಂಗೆ ಹೊಸ ಫೋನು ತಕಂಡೆ. ಆಡು ಎರಡೂ ಮಾರಿದೆ. ಇದ್ರಲ್ಲೂ ಚಕ್ರವೇ ಮಾರಾಯ್ತಿ!"

ಚಂದನಾ ಎಲ್ಲ ಹೇಳಿದಳು. ನೆಟ್ ಅಲ್ಲ, ಫೋನೂ ಅಲ್ಲ, ಚಕ್ರ ಸುಳ್ಳು, ಹಾಡಿನ ಕೊನೆ ಅದರಲ್ಲಿ ಇಲ್ಲ, ನೀವು ಹೇಳಿದ್ದೇ ಸರಿ, ತಪ್ಪಾಯಿತು. ಮುದುಕ ಬಯ್ಯಬಹುದೆಂದು ಕಾದಳು. ಬಯ್ದರೆ ಒಳ್ಳೆಯದಿತ್ತು.

"ಹೋಗ್ಲಿ ಬಿಡು" ಅಂದ ಮಾಬ್ಲ. "ನಮ್ಮನೆಯವ್ಳು ನಿಮ್ಮ ಕೊಪ್ಪದವಳೇ. ಹೋಗಿ ಮೂರು ವರ್ಷ ಆತು. ಆ ಹಾಡಲ್ಲಿ ತನ್ನ ಹೆಸ್ರು ಬತ್ತದೆ ಹೇಳಿ ಸಾಯೂವರಿಗೂ ಹೇಳ್ತಿತ್ತು. ಒಂದ್ಸಲ ಕೇಳ್ಬೇಕು ಅಂತ ಅಷ್ಟೇಯ. ನೀನು ನಾಗಕ್ಕನ ಮೊಮ್ಮಗಳಂತೆ, ಮದ್ವಿಗೆ ಹೊರಟವ್ರು ಹೇಳಿದ್ರು. ಮತ್ತೆಂತಕೆ ಆಪು? ನಿಂಗೆ ಬತ್ತದಲ್ಲ. ಫೋನಲ್ಲೇ ಹೇಳು ಮಗಾ, ಕೇಳ್ತೆ."

ಚಂದನಾ ಬಾಯಿ ತೆರೆದಳು. ನಲವತ್ತಮೂರು ಪೆಟ್ಟು ಅವಳಿಗೆ ನೆನಪಿತ್ತು. ಅದರಲ್ಲಿ ಯಾವುದು ಈ ಮುದುಕನ ಹೆಂಡತಿಯದ್ದೋ, ಅವಳ ಹೆಸರೇನೋ.

"ಹಲೋ" ಅಂದ ಮಾಬ್ಲ. "ಹಲೋ... ತಂಗಿ... ಕೇಳ್ತಾ ಇಲ್ಲ."

ಅವಳು ಫೋನು ಹಿಡಿದುಕೊಂಡೇ ಇದ್ದಳು.

"ನೆಟ್ ಹೋತು ಕಾಣ್ತದೆ" ಎಂದು ಯಾರಿಗೋ ಹೇಳಿ ಮುದುಕ ಫೋನಿಟ್ಟ.